ಕೊರಳ ಸುತ್ತ ಕಂಡ ಹೊಳಪು

ಗಂಟನ್ನು ಮೊದಲು ಕಂಡವನು ನಾನು. ಹಾಗೆಂದು ನನ್ನ ನೆನಪು.

ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯ ವರಾಂಡದಲ್ಲಿ ನನ್ನ ಹೆಂಡತಿ ಗೀತಾ ಪೇಪರ್ ಓದುತ್ತ ಕೂತಿದ್ದಳು. ಬೆಳಗಿನ ಬಿಸಿಲು ಓರೆಯಾಗಿ ಅವಳ ಕತ್ತಿನ ಮೇಲೆ ಬಿದ್ದಿತ್ತು. ಎಡಗಡೆ, ಕತ್ತು ಹೆಗಲಿಗೆ ಸೇರುವಲ್ಲಿ, ಅಡಿಕೆ ಗಾತ್ರದ ಒಂದು ಉಬ್ಬು. "ಏನೇ ಇದು?" ಅಂದೆ. ಅವಳು ಮುಟ್ಟಿ ನೋಡಿಕೊಂಡಳು. "ನೋವೇನಿಲ್ಲ" ಅಂದಳು.

ಗೀತಾಳ ಪ್ರಕಾರ ಇದಾವುದೂ ನಡೆದೇ ಇಲ್ಲ. ಅವಳ ತವರು ಭದ್ರಾವತಿಯ ಜನ್ನಾಪುರ. ಅಲ್ಲಿ ಅವಳ ಅಮ್ಮ ತಲೆಗೆ ಎಣ್ಣೆ ಹಚ್ಚುವಾಗ ಗಂಟು ಕೈಗೆ ಸಿಕ್ಕಿತಂತೆ. ನಾನು ಆ ದಿನ ಶಿವಮೊಗ್ಗದಲ್ಲಿದ್ದೆನಂತೆ. ಅತ್ತೆಯೂ ಅದನ್ನೇ ಹೇಳುತ್ತಾರೆ. ಆದರೂ ಆ ಓರೆ ಬಿಸಿಲು ನನಗೆ ಈಗಲೂ ಕಾಣುತ್ತದೆ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಕಣ್ಣಿಗೆ ಕಾಣದ್ದನ್ನು ನಂಬುವುದಿಲ್ಲ ಎಂದು ಜಂಬ ಪಟ್ಟುಕೊಂಡೇ ಇಷ್ಟು ವರ್ಷ ಕಳೆದವನು. ಕಣ್ಣಾರೆ ಕಂಡದ್ದರ ಬಗ್ಗೆಯೂ ಅನುಮಾನ ಪಡಬೇಕಾಗುತ್ತದೆ ಎಂಬುದು ಈ ಕಾಯಿಲೆ ಬರುವವರೆಗೂ ಹೊಳೆದಿರಲಿಲ್ಲ.

ಮೊದಲು ಟಿಬಿ ಗಂಟು ಅಂದರು. ಟಿಬಿ ಆಗಿರಲಿ ಎಂದು ಹಾರೈಸಿದೆವು. ಬಯಾಪ್ಸಿ ಆಯಿತು. ರಿಪೋರ್ಟ್ ಬಂದ ದಿನ ಡಾಕ್ಟರು ಗೀತಾಳನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. ನಮ್ಮಲ್ಲಿ ಹಾಗೆಯೇ. ಹೆಂಗಸಿನ ಕಾಯಿಲೆಯ ಹೆಸರು ಮೊದಲು ಗಂಡನಿಗೆ ಗೊತ್ತಾಗಬೇಕು.

ಹಾಡ್ಜ್‌ಕಿನ್ಸ್ ಲಿಂಫೋಮ.

ಡಾಕ್ಟರು ಏನೇನೋ ಸಮಾಧಾನ ಹೇಳಿದರು. ಕ್ಯಾನ್ಸರ್‌ಗಳಲ್ಲೆಲ್ಲ ಹೆಚ್ಚು ಸುಲಭವಾಗಿ ವಾಸಿಯಾಗುವಂಥದ್ದು ಇದು ಅಂದರು. ನನಗೆ ಅವರ ಮೇಜಿನ ಮೇಲಿದ್ದ ಪೇಪರ್‌ವೇಟ್ ಒಂದೇ ನೆನಪಿದೆ. ಅದರೊಳಗೆ ನೀಲಿ ಹೂವಿತ್ತು. ಅದೂ ಇತ್ತೋ ಇಲ್ಲವೋ.

ಮನೆಯವರೆಲ್ಲ ಸೇರಿ ಗೀತಾಳಿಗೆ "ಗಂಟಿನ ಕಾಯಿಲೆ" ಎಂದು ಮಾತ್ರ ಹೇಳುವುದೆಂದು ತೀರ್ಮಾನಿಸಿದೆವು. ಎರಡನೆಯ ಕೀಮೋಗೆ ಹೋಗುವಾಗ ಆಟೋದಲ್ಲಿ ಅವಳೇ ಅಂದಳು: "ರೀ, ನಾನು ಗೋಪಾಳದ ಸ್ಕೂಲಲ್ಲಿ ಮಕ್ಕಳಿಗೆ ಓದೋಕೆ ಕಲಿಸ್ತೀನಿ. ಆಸ್ಪತ್ರೆ ಬಾಗಿಲಲ್ಲಿ ಆಂಕಾಲಜಿ, ಕ್ಯಾನ್ಸರ್ ವಿಭಾಗ ಅಂತ ಬೋರ್ಡ್ ಹಾಕಿದಾರೆ. ನಂಗೆ ಬೋರ್ಡ್ ಓದೋಕೆ ಬರಲ್ವಾ?"

ಕೀಮೋದ ತಿಂಗಳುಗಳು ನನ್ನ ತಲೆಯಲ್ಲಿ ಕ್ರಮವಾಗಿ ಉಳಿದಿಲ್ಲ. ಅವಳ ಕೂದಲು ದಿಂಬಿನ ಮೇಲೆ ಉಳಿಯತೊಡಗಿತು. ಒಗ್ಗರಣೆಯ ವಾಸನೆಗೆ ಅವಳು ಮುಖ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ನಾನು ಒಗ್ಗರಣೆ ಇಲ್ಲದ ಅಡುಗೆ ಕಲಿತೆ. ನೀರೂ ಕಬ್ಬಿಣದ ರುಚಿ ಅನ್ನುತ್ತಿದ್ದಳು. "ಭದ್ರಾವತಿಯವಳಲ್ವಾ, ಕಬ್ಬಿಣ ಹೊಸದಲ್ಲ" ಎಂದು ಅವಳೇ ತಮಾಷೆ ಮಾಡಿದಳು. ಅವಳು ಮೊದಲೇ ತೆಳ್ಳಗೆ. ಚಿಕಿತ್ಸೆ ಮುಗಿಯುವ ಹೊತ್ತಿಗೆ ಬಳೆಗಳು ಮೊಳಕೈವರೆಗೂ ಏರುತ್ತಿದ್ದವು.

ಆದರೆ ಗಂಟು ಕರಗಿತ್ತು. ಸಿಟಿ ಸ್ಕ್ಯಾನಿನಲ್ಲಿ ಸಣ್ಣ ಚೂರೊಂದು ಮಾತ್ರ ಉಳಿದಿತ್ತು.

"ಉಳಿದಿರೋದು ಬರೀ ಸತ್ತ ಕಲೆನೋ, ಒಳಗಿನ್ನೂ ಜೀವ ಇದೆಯೋ, ಸಿಟಿಲಿ ಗೊತ್ತಾಗಲ್ಲ ಮೇಷ್ಟ್ರೇ" ಅಂದರು ಶಿವಮೊಗ್ಗದ ನಮ್ಮ ಕ್ಯಾನ್ಸರ್ ಡಾಕ್ಟರು. "ಬೆಂಗಳೂರಲ್ಲಿ ಈಗ ಪೆಟ್ ಸ್ಕ್ಯಾನ್ ಬಂದಿದೆ. ಒಂದ್ಸಲ ಮಾಡಿಸ್ಕೊಂಡು ಬನ್ನಿ. ಕ್ಲೀನ್ ಬಂದ್ರೆ ಇಲ್ಲಿಗೆ ನಿಲ್ಲಿಸೋಣ."

ಆ ಪರೀಕ್ಷೆಯ ತರ್ಕ ನನಗೆ ಹಿಡಿಸಿತು. ಸಕ್ಕರೆಯಂಥ ಒಂದು ವಸ್ತುವಿಗೆ ತುಸು ವಿಕಿರಣ ಸೇರಿಸಿ ರಕ್ತಕ್ಕೆ ಬಿಡುತ್ತಾರೆ. ಹೆಚ್ಚು ಹಸಿದ ಜೀವಕೋಶಗಳು ಹೆಚ್ಚು ಕಬಳಿಸುತ್ತವೆ. ಕಬಳಿಸಿದ್ದು ಚಿತ್ರದಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಬಲು ಹಸಿವಿನದ್ದು. ಬೇರೆ ಸ್ಕ್ಯಾನ್‌ಗಳು ಆಕಾರ ತೋರಿಸುತ್ತವೆ, ಇದು ಹಸಿವನ್ನೇ ತೋರಿಸುತ್ತದೆ. ಆ ವಾರ ಕ್ಲಾಸಿನಲ್ಲಿ ಪಾಠ ಬಿಟ್ಟು ಇದನ್ನೇ ಹೇಳಿದೆ. ಯಾರಿಗಾಗಿ ಎಂದು ಹೇಳಲಿಲ್ಲ.

ಆಗ ಧನುರ್ಮಾಸ. ಗೀತಾ ಪ್ರತಿವರ್ಷ ಆ ತಿಂಗಳು ಪೂರ್ತಿ ಸೂರ್ಯ ಹುಟ್ಟುವ ಮೊದಲೇ ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯ ಮಡಿಯಲ್ಲೇ ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡುವವಳು. ಈ ವರ್ಷ ಬೇಡವೇ ಬೇಡ ಎಂದು ನಾನು ಹಠ ಹಿಡಿದಿದ್ದೆ.

"ಪೂಜೆ ಮಾಡು. ಸ್ನಾನ ಬಿಸಿನೀರಲ್ಲಿ ಮಾಡು. ನಿನ್ನ ದೇವರು ಥರ್ಮಾಮೀಟರ್ ಹಿಡ್ಕೊಂಡು ಕೂತಿರಲ್ಲ."

"ಆಯ್ತು ಮಾರಾಯ್ರೆ. ನಿಮ್ಮ ಹತ್ರ ವಾದ ಮಾಡೋಕೆ ನಂಗೆ ಶಕ್ತಿ ಇಲ್ಲ."

ಹಿಂದಿನ ದಿನವೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ನನ್ನ ತಮ್ಮನ ಮನೆಯಲ್ಲಿ ಉಳಿದೆವು. ಸ್ಕ್ಯಾನ್ ದಿನದ ಬೆಳಗು ನನಗೆ ಸ್ಪಷ್ಟವಾಗಿ ನೆನಪಿದೆ. ಬಚ್ಚಲುಮನೆಯ ಗೀಸರಿನ ಕೆಂಪು ದೀಪ. ಕನ್ನಡಿಯ ಮೇಲೆ ಕೂತ ಹಬೆ. ತಲೆಗೆ ಟವೆಲ್ ಸುತ್ತಿಕೊಂಡು ಗೀತಾ ಹೊರಗೆ ಬಂದದ್ದು.

ಖಾಲಿ ಹೊಟ್ಟೆಯಲ್ಲಿ ಬನ್ನಿ, ಆಯಾಸ ಮಾಡಿಕೊಳ್ಳಬೇಡಿ ಎಂದು ಸ್ಕ್ಯಾನ್ ಸೆಂಟರಿನವರು ಫೋನಿನಲ್ಲಿ ಹೇಳಿದ್ದರು. ಬೆಚ್ಚಗಿರಿ ಎಂದೂ ಹೇಳಿದ್ದರೇ? ಗೊತ್ತಿಲ್ಲ. ಮಂಜಿನಲ್ಲಿ ಆಟೋ ಹಿಡಿದು ಹೋದೆವು. ಇಂಜೆಕ್ಷನ್ ಕೊಟ್ಟು ಅವಳೊಬ್ಬಳನ್ನೇ ಒಂದು ಕೋಣೆಯಲ್ಲಿ ಮಲಗಿಸಿದರು. ವಿಕಿರಣ ಇರುವುದರಿಂದ ನಾನು ಹತ್ತಿರ ಹೋಗುವಂತಿರಲಿಲ್ಲ. ಎಲ್ಲ ಮುಗಿದು ಹೊರಗೆ ಬಂದಾಗ ಅವಳ ತುಟಿ ಬಿಳಿಚಿಕೊಂಡಿತ್ತು.

"ಒಳಗೆ ಎಸಿ ಹಾಕಿ ಫ್ರಿಜ್ ಮಾಡಿಟ್ಟಿದಾರೆ ರೀ."

"ಮಿಷನ್‌ಗೆ ತಂಪು ಬೇಕು" ಅಂದೆ. ಕಾಫಿ ಕುಡಿದೆವು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ರಿಪೋರ್ಟ್ ಕೊರಿಯರಿನಲ್ಲಿ ಶಿವಮೊಗ್ಗಕ್ಕೆ ಬಂತು. ಗೀತಾಳನ್ನು ರಕ್ತ ಪರೀಕ್ಷೆಗೆಂದು ಕೆಳಗೆ ಕಳಿಸಿ ಡಾಕ್ಟರು ನನ್ನನ್ನು ಕರೆದರು. ಒಳ್ಳೆಯ ಸುದ್ದಿಗೆ ಯಾರೂ ಒಬ್ಬನನ್ನೇ ಕರೆಯುವುದಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಗೀತಾ. ಮಸುಕು ಮಸುಕಾದ ಮೈ. ಮೆದುಳು ಹೊಳೆಯುತ್ತಿತ್ತು. ಹೃದಯ, ಮೂತ್ರಕೋಶ ಹೊಳೆಯುತ್ತಿದ್ದವು. ಇವು ಎಲ್ಲರಿಗೂ ಹೊಳೆಯುತ್ತವೆ ಅಂದರು. ಆಮೇಲೆ ಪೆನ್ನಿನ ತುದಿಯನ್ನು ಮೇಲಕ್ಕೆ ಸರಿಸಿದರು. ಕತ್ತಿನ ಎರಡೂ ಕಡೆ, ಹೆಗಲುಗಳವರೆಗೆ, ಅಲ್ಲಿಂದ ಬೆನ್ನೆಲುಬಿನ ಅಕ್ಕಪಕ್ಕ ಮಣಿ ಪೋಣಿಸಿದ ಹಾಗೆ ಕೆಳಕ್ಕೆ.

ಕೊರಳಿಗೆ ಯಾರೋ ಕೆಂಡದ ಹಾರ ಹಾಕಿದಂತಿತ್ತು.

ಒಂದು ಗಂಟಿದ್ದ ಕಡೆ ಈಗ ಲೆಕ್ಕವಿಲ್ಲದಷ್ಟು. ಅಷ್ಟೂ ಕೀಮೋ, ಅಷ್ಟೂ ವಾಂತಿ, ಎಲ್ಲ ನೀರಿಗೆ ಹೋಯಿತು ಅಂದುಕೊಂಡೆ. ಕುರ್ಚಿಯ ಕೈ ಹಿಡಿದುಕೊಂಡೆ.

"ಮೇಷ್ಟ್ರೇ, ಸ್ವಲ್ಪ ಕೇಳಿ" ಅಂದರು ಡಾಕ್ಟರು. "ಎರಡೂ ಕಡೆ ಒಂದೇ ಥರ ಇದೆ ನೋಡಿ. ಕ್ಯಾನ್ಸರ್ ಇಷ್ಟು ಅಚ್ಚುಕಟ್ಟಾಗಿ ಹರಡೋದು ಕಡಿಮೆ. ನಮ್ಮ ಮೈಲಿ ಬ್ರೌನ್ ಫ್ಯಾಟ್ ಅಂತ ಒಂಥರಾ ಕೊಬ್ಬು ಇರುತ್ತೆ. ಚಳಿ ಆದಾಗ ಮೈ ಬೆಚ್ಚಗೆ ಮಾಡೋಕೆ ಅದು ಸಕ್ಕರೆ ಉರಿಸುತ್ತೆ. ತೆಳ್ಳಗಿರೋ ಹೆಂಗಸರಲ್ಲಿ ಜಾಸ್ತಿ. ಅದೂ ಇದೇ ಜಾಗದಲ್ಲಿ ಹೀಗೇ ಕಾಣಬಹುದು ಅಂತ ಬೆಂಗಳೂರಿನವರೂ ಬರೆದಿದಾರೆ."

"ಹಾಗಾದ್ರೆ?"

"ತೊಂದರೆ ಏನಂದ್ರೆ, ಹಳೇ ಗಂಟಿನ ಜಾಗನೂ ಈ ಹೊಳಪಿನೊಳಗೇ ಮುಚ್ಚಿಹೋಗಿದೆ. ಅದಕ್ಕೇ ಕೇಳ್ತಿದೀನಿ. ಆವತ್ತು ಬೆಳಗ್ಗೆ ಅವರಿಗೆ ಚಳಿ ಆಗಿತ್ತಾ? ತಣ್ಣೀರು, ನಡುಕ, ಏನಾದ್ರೂ?"

ನಾನು ಯೋಚಿಸಲೇ ಇಲ್ಲ. ಕಣ್ಣೆದುರಿಗೆ ಕೆಂಪು ದೀಪ ಇತ್ತು, ಹಬೆ ಇತ್ತು.

"ಇಲ್ಲ ಡಾಕ್ಟ್ರೇ. ಬಿಸಿನೀರಲ್ಲೇ ಸ್ನಾನ. ನಾನೇ ನೋಡಿದೀನಿ."

"ಖಂಡಿತಾ?"

"ಖಂಡಿತಾ."

ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹಾಗಾದರೆ ಬಯಾಪ್ಸಿ ಅಂದರು. ಈ ಸಲ ಮೇಲೆ ಕೈಗೆ ಸಿಗುವ ಗಂಟಲ್ಲ, ಕತ್ತಿನ ಆಳದಲ್ಲಿ, ದೊಡ್ಡ ರಕ್ತನಾಳಗಳ ಪಕ್ಕ. ಬೆಂಗಳೂರಿನಲ್ಲೇ ಆಗಬೇಕು. ಕಾಯಿಲೆ ಉಳಿದಿದ್ದರೆ ಹಳೆಯ ಔಷಧಿ ಸಾಲದು. ಇದಕ್ಕಿಂತ ಜೋರಾದ ಕೀಮೋ, ಆಮೇಲೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್. "ಈಗಿರೋ ಮೈಲಿ ಅವರು ಅದನ್ನ ತಡ್ಕೋತಾರಾ ಅನ್ನೋದೂ ನೋಡಬೇಕು" ಅಂದರು.

ಕೆಳಗೆ ಗೀತಾ ಮೊಳಕೈ ಮಡಚಿ ಹತ್ತಿ ಒತ್ತಿಕೊಂಡು ಕೂತಿದ್ದಳು.

"ಏನಂದ್ರು?"

"ಚಿತ್ರ ಸರಿಯಾಗಿ ಬಂದಿಲ್ವಂತೆ. ಇನ್ನೊಂದು ಸಣ್ಣ ಟೆಸ್ಟ್ ಮಾಡಬೇಕಂತೆ."

ಅವಳು ನನ್ನ ಮುಖ ನೋಡಿದಳು. ನನ್ನ ಮುಖದ ಮೇಲೂ ಒಂದು ಬೋರ್ಡ್ ಇದ್ದಿರಬೇಕು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಬಯಾಪ್ಸಿಗೆ ಮೊದಲು ಒಮ್ಮೆ ಅಮ್ಮನನ್ನು ನೋಡಿ ಬರೋಣ ಅಂದಳು ಗೀತಾ. ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಹೆಸರಿಗೆ ಅತ್ತೆ ಒಬ್ಬರೇ ಇರುವ ಮನೆ ಅದು. ಆದರೆ ಜನ್ನಾಪುರದ ಆ ಬೀದಿಯಲ್ಲಿ ಯಾರೂ ಒಬ್ಬರೇ ಇರಲು ಸಾಧ್ಯವಿಲ್ಲ, ಒಬ್ಬರ ಮನೆಯ ಕುಕ್ಕರ್ ಕೂಗಿದರೆ ನಾಲ್ಕು ಮನೆಯವರು ಒಲೆ ಆರಿಸುತ್ತಾರೆ. ಗೀತಾ ಎಳ್ಳುಬೆಲ್ಲದ ತಟ್ಟೆ ಹಿಡಿದು ಪಕ್ಕದ ಮನೆಯ ತಮಿಳು ಅಮ್ಮನಿಗೆ ಕೊಟ್ಟು ಬರಲು ಹೋದಳು. ಅವಳ ಕೂದಲು ಆಗಷ್ಟೇ ಮತ್ತೆ ಮೊಳೆಯುತ್ತಿತ್ತು. ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು.

ಅವಳು ಹೋದದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಯಾರಿಗಾದರೂ ಹೇಳಲೇಬೇಕಿತ್ತು.

ಅತ್ತೆ ಕಬ್ಬಿನ ಚೂರುಗಳನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ, "ಚಳಿ ಅಂತ ಅದೇನೋ ಕೇಳಿದ್ರು ಅಂದ್ರಲ್ಲ, ಅದೇನು?" ಅಂದರು.

"ಚಳಿ ಆಗಿದ್ರೂ ಹಾಗೆ ಕಾಣುತ್ತಂತೆ ಅತ್ತೆ. ಆದ್ರೆ ಚಳಿ ಆಗಿರಲಿಲ್ಲ. ಬಿಸಿನೀರಲ್ಲಿ ಸ್ನಾನ ಮಾಡಿದ್ಲು."

"ಯಾರು, ಗೀತಾನಾ? ಧನುರ್ಮಾಸದಲ್ಲಿ?"

ಹಿಂದಿನಿಂದ ದನಿ ಬಂತು. "ಯಾರಿಗೆ ಬಿಸಿನೀರು?"

ಗೀತಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪಕ್ಕದ ಮನೆಯವರು ಕೊಟ್ಟ ಪೊಂಗಲ್ ಬಟ್ಟಲು.

"ನಿಂಗೇ. ಸ್ಕ್ಯಾನ್ ದಿನ ಬೆಳಗ್ಗೆ" ಅಂದೆ. "ಗೀಸರ್ ಹಾಕಿತ್ತಲ್ಲ."

"ಅದು ನಿಮಗೆ ಹಾಕಿದ್ದು ರೀ! ನಾನು ಅಷ್ಟೊತ್ತಿಗೆ ಹಿತ್ತಲಿನ ಸಂಪಿಂದ ನೀರು ಸೇದಿ ಹುಯ್ಕೊಂಡು, ಒದ್ದೆ ಸೀರೇಲೇ ಈಶ್ವರನ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕ್ಕೊಂಡೂ ಬಂದಿದ್ದೆ. ನೀವು ಗೊರಕೆ ಹೊಡೀತಿದ್ರಿ. ನಿಮ್ಮ ತಮ್ಮನ ಹೆಂಡ್ತಿ ನನ್ನ ಜೊತೇಲೇ ಇದ್ಲು, ಬೇಕಾದ್ರೆ ಕೇಳಿ."

"ಬಿಸಿನೀರು ಅಂತ ಒಪ್ಕೊಂಡಿದ್ದೆ ನೀನು."

"ಶಿವಮೊಗ್ಗದಲ್ಲಿ ದಿನಾ ಬಿಸಿನೀರೇ ಹುಯ್ಕೊಂಡೆ. ಸ್ಕ್ಯಾನ್ ದಿನ ಒಂದಾದ್ರೂ ಸರಿಯಾಗಿ ಮಾಡೋಣ ಅನ್ನಿಸ್ತು. ಚೆನ್ನಾಗಿ ಬರಲಿ ಅಂತ." ಅವಳು ನಿಲ್ಲಿಸಿದಳು. ನನ್ನನ್ನೂ ನೆಲದ ಮೇಲೆ ಕೂತ ಅಮ್ಮನನ್ನೂ ನೋಡಿದಳು. "ಈಗ ಪೂರ್ತಿ ಹೇಳಿ. ಡಾಕ್ಟ್ರು ಏನು ಕೇಳಿದ್ರು?"

ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ. ಕೆಂಡದ ಹಾರ, ಬಯಾಪ್ಸಿ, ಟ್ರಾನ್ಸ್‌ಪ್ಲಾಂಟ್. ಅವಳು ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟಳು. ಅಳುತ್ತಾಳೆ ಅಂದುಕೊಂಡೆ.

"ನಂಗೆ ಚಳಿ ಆಗಿತ್ತಾ ಅಂತ ನಿಮ್ಮನ್ನ ಕೇಳಿದ್ರಾ?"

ಡಾಕ್ಟರಿಗೆ ಮೊಬೈಲ್ ಹಚ್ಚಿ ಅವಳ ಕೈಗೇ ಕೊಟ್ಟೆ. ಅವರು ಕೇಳುತ್ತ ಹೋದರು, ಇವಳು ಹೇಳುತ್ತ ಹೋದಳು. ಹೌದು, ಸಂಪಿನ ನೀರು. ಹೌದು, ಸೀರೆ ಮೈ ಮೇಲೇ ಅರ್ಧ ಒಣಗಿತ್ತು. ಆಟೋದಲ್ಲಿ ಸ್ವೆಟರ್ ಇರಲಿಲ್ಲ. ಕೋಣೆಯಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು, ಅಲುಗಾಡಬೇಡಿ ಅಂದಿದ್ದರಿಂದ ಬಾಯಿ ಬಿಗಿಹಿಡಿದು ಮಲಗಿದ್ದೆ. "ಯಾರೂ ಕೇಳಲಿಲ್ಲ ಡಾಕ್ಟ್ರೇ, ಅದಕ್ಕೇ ಹೇಳಲಿಲ್ಲ" ಅಂದಳು.

ಎಲ್ಲ ಕೇಳಿ ಡಾಕ್ಟರು ಬಯಾಪ್ಸಿ ಈಗ ಬೇಡ ಅಂದರು. ಕೆಲವು ವಾರ ಬಿಟ್ಟು ಮತ್ತೊಮ್ಮೆ ಪೆಟ್ ಮಾಡೋಣ, ಹಿಂದಿನ ದಿನದಿಂದಲೇ ಮೈ ಬೆಚ್ಚಗಿರಲಿ, ಆ ಕೊಬ್ಬು ಉರಿಯದಂತೆ ತಡೆಯುವ ಒಂದು ಮಾತ್ರೆಯನ್ನೂ ಮೊದಲು ಕೊಡಿಸೋಣ ಅಂದರು. ಕೊನೆಗೆ ನನ್ನ ಜೊತೆ ಮಾತಾಡಿದರು. "ಈಗಲೇ ಖುಷಿ ಪಡಬೇಡಿ ಮೇಷ್ಟ್ರೇ. ಚಳಿ ಇತ್ತು ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಹೊಳಪಿನ ಹಿಂದೆ ಏನಿದೆಯೋ ಇನ್ನೂ ಗೊತ್ತಿಲ್ಲ."

ಅತ್ತೆ ಇಷ್ಟೂ ಹೊತ್ತು ನಮ್ಮಿಬ್ಬರ ಮುಖ ನೋಡುತ್ತಿದ್ದರು. "ಹಾಗಾದ್ರೆ ನನ್ನ ಮಗಳ ಮಡಿ ಆ ಮಿಷನ್‌ಗೂ ಕಾಣಿಸ್ತು ಅನ್ನಿ" ಅಂದರು.

ಗೀತಾ ನಕ್ಕಳು. ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅದು ಬರೀ ಅಳುವಾಯಿತು.

ನನ್ನ ತಮ್ಮನ ಹೆಂಡತಿಗೂ ಫೋನ್ ಮಾಡಿದೆ. ಗೀತಾಳ ಮಾತಿನಲ್ಲಿ ಅನುಮಾನ ಇದ್ದುದರಿಂದಲ್ಲ. ನನ್ನ ತಲೆಯಲ್ಲಿದ್ದ ಆ ಬೆಳಗು ಎಲ್ಲಿಂದ ಬಂತೆಂದು ತಿಳಿಯಬೇಕಿತ್ತು. ಅವಳೂ ಸಂಪು, ಒದ್ದೆ ಸೀರೆ, ಗುಡಿ ಅಂದಳು. ಟವೆಲ್ ಸುತ್ತಿಕೊಂಡು ಬಂದದ್ದು ತಾನೇ ಇರಬೇಕು ಅಂದಳು. ಗೀತಾಳ ತಲೆಯಲ್ಲಿ ಆಗ ಟವೆಲ್ ಸುತ್ತುವಷ್ಟು ಕೂದಲಾದರೂ ಎಲ್ಲಿತ್ತು?

ಇದನ್ನು ಬರೆಯುವಾಗಲೂ ನನಗೆ ಕಾಣುವುದು ಗೀತಾಳ ಮುಖವೇ. ಸುಳ್ಳೆಂದು ಗೊತ್ತಾದ ಮೇಲೂ ಆ ನೆನಪು ಒಂದು ಕೂದಲೆಳೆಯಷ್ಟೂ ಮಸುಕಾಗಿಲ್ಲ. ಯಂತ್ರದ ಬಗ್ಗೆ ನನಗೆ ಅನುಮಾನವಿತ್ತು, ಡಾಕ್ಟರ ಬಗ್ಗೆ, ದೇವರ ಬಗ್ಗೆ ಅಂತೂ ಇದ್ದೇ ಇತ್ತು. ಆದರೆ ಯಂತ್ರ ತಾನು ಕಂಡದ್ದನ್ನೇ ಹೇಳಿತ್ತು: ಈ ಹೆಂಗಸಿನ ಮೈ ಚಳಿಗೆ ತನ್ನಲ್ಲಿದ್ದ ಸಕ್ಕರೆಯನ್ನೆಲ್ಲ ಉರಿಸುತ್ತಿದೆ, ಅಷ್ಟೇ. ಕಾಣದ್ದನ್ನು ಕಂಡೆನೆಂದು ಹೇಳಿದ್ದು ಆ ಕೋಣೆಯಲ್ಲಿ ನಾನೊಬ್ಬನೇ. ಅದೂ ಎರಡೆರಡು ಸಲ, ಎರಡನೆಯದು ಖಂಡಿತಾ ಎಂದು. ಅವಳು ತವರಿಗೆ ಹೋಗೋಣ ಅನ್ನದೆ ಇದ್ದಿದ್ದರೆ, ಎಳ್ಳು ಕೊಟ್ಟು ಬರುವುದು ಇನ್ನಷ್ಟು ತಡವಾಗಿದ್ದರೆ, ಅವಳ ಕತ್ತನ್ನು ಕೊಯ್ಯುತ್ತಿದ್ದರು. ಇದನ್ನು ಎಷ್ಟು ಯೋಚಿಸಿದರೂ ಮುಂದಕ್ಕೆ ಹೋಗಲು ಆಗುವುದಿಲ್ಲ.

ಎರಡನೆಯ ಸ್ಕ್ಯಾನಿಗೆ ಅತ್ತೆ ತಮ್ಮ ಕಂಬಳಿ ಕೊಟ್ಟು ಕಳಿಸಿದರು. ಗೀತಾ ಸ್ವೆಟರ್, ಸಾಕ್ಸ್, ನನ್ನ ಮಂಕಿ ಕ್ಯಾಪ್ ಎಲ್ಲ ಹಾಕಿಕೊಂಡು ಬೆಂಗಳೂರಿನ ಬಿಸಿಲಲ್ಲಿ ಬೆವರುತ್ತ ನಡೆದಳು. ಬೆಳಗ್ಗೆ ಬಚ್ಚಲ ಬಾಗಿಲಿನ ಹೊರಗೆ ನಿಂತು "ನೀರು ಬಿಸಿ ಇದೆಯಾ?" ಎಂದು ಕೇಳಿದೆ.

"ಒಳಗೆ ಬಂದು ಕೈ ಅದ್ದಿ ನೋಡಿ. ಆಮೇಲೆ ಮರೆತ್ರೆ ಬೊಬ್ಬೆ ನೋಡಿ ನೆನಪು ಮಾಡ್ಕೋಬಹುದು."

ಮಾತ್ರೆ ಕೊಟ್ಟರು, ಬಿಸಿ ಹೊದಿಕೆ ಹೊದಿಸಿದರು. ಬಾಗಿಲು ಮುಚ್ಚುವ ಮೊದಲು ಅವಳು ನರ್ಸಿಗೆ ಹೇಳುವುದು ಕೇಳಿಸಿತು: "ಸಿಸ್ಟರ್, ಚಳಿ ಆದ್ರೆ ನಾನೇ ಕರೀತೀನಿ. ಅವರನ್ನ ಕೇಳಬೇಡಿ."

ರಿಪೋರ್ಟ್ ಬಂದ ದಿನ ಡಾಕ್ಟರು ವಾಡಿಕೆಯಂತೆ ನನ್ನ ಕಡೆ ತಿರುಗಿದರು. ಗೀತಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ನಂಗೆ ಹೇಳಿ ಡಾಕ್ಟ್ರೇ."

ಅವರು ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಮೆದುಳು. ಹೃದಯ. ಮೂತ್ರಕೋಶ.

ಕೊರಳು ಬರಿದಾಗಿತ್ತು.

ನಾನು ಎದ್ದು ನಿಂತು ಹತ್ತಿರದಿಂದ ನೋಡಿದೆ. ಹಳೆಯ ಗಂಟಿನ ಜಾಗ ಎಲ್ಲಿ ಎಂದು ಕೇಳಿದೆ. ತೋರಿಸಿದರು. ಅಲ್ಲೂ ಏನೂ ಇಲ್ಲ. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ತೋರಿಸಿದರು. ಆಮೇಲೆ ಕೂತುಕೊಂಡೆ. ಅವರು ಗೀತಾಳಿಗೆ ಏನೇನೋ ಹೇಳುತ್ತಿದ್ದರು. ಅವಳು ತಲೆಯಾಡಿಸುತ್ತ, ನಡುನಡುವೆ ಪ್ರಶ್ನೆ ಕೇಳುತ್ತ ಕೂತಿದ್ದಳು, ಸ್ಕೂಲಿನ ಇನ್ಸ್‌ಪೆಕ್ಟರ್ ಎದುರಿಗೆ ಕೂತ ಹಾಗೆ. ಯಾರಿಗೆ ಕೃತಜ್ಞತೆ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಡಾಕ್ಟರ ಕೈ ಹಿಡಿದುಕೊಂಡೆ. ಬಹಳ ಹೊತ್ತು ಬಿಡಲಿಲ್ಲವಂತೆ.

ಹೊರಗೆ ಬಂದು ಜನ್ನಾಪುರಕ್ಕೆ ಫೋನ್ ಮಾಡಿದೆ. "ಏನೂ ಇಲ್ವಂತೆ ಅತ್ತೆ" ಅಂದೆ.

ಗೀತಾ ಫೋನ್ ತೆಗೆದುಕೊಂಡಳು. "ಅಮ್ಮಾ, ಸದ್ಯಕ್ಕೆ ಏನೂ ಇಲ್ಲ ಅಂದ್ರು. ಸದ್ಯಕ್ಕೆ. ಮೂರು ತಿಂಗಳಿಗೊಂದ್ಸಲ ತೋರಿಸ್ಬೇಕು. ಜ್ವರ ಬಂದ್ರೆ, ರಾತ್ರಿ ಬೆವತ್ರೆ ಕಾಯದೆ ಹೋಗಬೇಕು. ಸ್ಕೂಲಿಗೆ ಜೂನ್‌ನಿಂದ ಹೋಗಬಹುದು." ಸದ್ಯಕ್ಕೆ ಎಂಬ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅವಳು ಫೋನ್ ನನ್ನ ಕೈಗೆ ಕೊಟ್ಟು ಔಷಧಿ ಅಂಗಡಿಯ ಕಡೆ ನಡೆದಳು.

ಅತ್ತೆ ದನಿ ತಗ್ಗಿಸಿ ಕೇಳಿದರು: "ಅವಳು ದೂರ ಹೋದ್ಲಾ? ಈಗ ನಿಜ ಹೇಳಿ. ಡಾಕ್ಟ್ರು ಏನಂದ್ರು?"

"ಗೀತಾ ಏನು ಹೇಳಿದ್ಲೋ ಅದೇ, ಅತ್ತೆ" ಅಂದೆ.